ಪೈಪಿಗಿಂತ ಮೊದಲು ಬಂದ ಕರ್ಪೂರ

ಭಕ್ತಬಂಧುಗಳೇ, ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹನುಮಪ್ಪ ಕ್ಷಮಿಸಲಿ.

ಕಳೆದ ಆಷಾಢದಲ್ಲಿ ನಮ್ಮ ಯಜಮಾನರು ನಾರಾಯಣಗೂಡದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಐದು ವಾರ ಆಸ್ಪತ್ರೆ. ಮಲ್ಕಾಜ್‌ಗಿರಿಯ ಮನೆಗೆ ಕರೆತಂದಾಗ ಕಣ್ಣುಗಳು ತೆರೆದಿದ್ದವು, ಅಷ್ಟೇ. ಕಿವಿಯ ಬಳಿ ಕೂಗಿದರೂ ಕತ್ತು ತಿರುಗಿಸುತ್ತಿರಲಿಲ್ಲ. ಒಮ್ಮೆ ನನ್ನ ಕಡೆ ನೋಡುವಂತೆ ಮಾಡಪ್ಪಾ ಎಂದು ಹನುಮಪ್ಪನಿಗೆ ದಿನವೂ ಮೊರೆಯಿಟ್ಟೆ.

ಆಗ ಬಂದರು ನೋಡಿ, ನಮ್ಮ ಭಜನಾ ಮಂಡಳಿಯ ಪ್ರಹ್ಲಾದರಾವ್, ತಾವು ಮಾರುವ, ಕುಕ್ಕರಿನಷ್ಟು ದೊಡ್ಡ ಯಂತ್ರ ಹಿಡಿದುಕೊಂಡು. ಅದು ನೀರಿನಿಂದ ಹೈಡ್ರೋಜನ್ ಗ್ಯಾಸ್ ತೆಗೆಯುತ್ತದಂತೆ.

"ಅಕ್ಕಾರ, ಮೂಗಿಗೆ ಪೈಪ್ ಹಚ್ಚಿದ್ರ ಹದಿನೈದು ದಿನದಾಗ ಎದ್ದು ಕೂಡ್ತಾರ. ಇದನ್ನ ಹನುಮಪ್ಪನೇ ಕಳಿಸ್ಯಾನ ಅಂತ ತಿಳೀರಿ."

ಡಾಕ್ಟರನ್ನು ಕೇಳಿದೆ. ಈ ಗ್ಯಾಸಿನಿಂದ ಮಿದುಳಿಗೆ ಗುಣವಾದೀತೇ ಎಂದು ಸಂಶೋಧನೆ ನಡೆದಿದೆ, ಇನ್ನೂ ಸಾಬೀತಾಗಿಲ್ಲ, ಮನೆಯಲ್ಲಂತೂ ಬೇಡವೇ ಬೇಡ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ನನಗೆ ಅವರ ಮೇಲೇ ಕೋಪ ಬಂತು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆಯಲ್ಲವೇ?

ಶನಿವಾರ ಬೆಳಿಗ್ಗೆ ಪ್ರಹ್ಲಾದರಾವ್ ಯಂತ್ರ ಹೂಡಿದರು. ನಮ್ಮ ಮನೆಗೆ ಹೊಸದಾಗಿ ಏನು ಬಂದರೂ, ಮಿಕ್ಸರ್ ಆಗಲಿ ವಾಕರ್ ಆಗಲಿ, ಕುಂಕುಮ ಹಚ್ಚಿ ಆರತಿ ಮಾಡದೆ ಬಳಸುವ ಪದ್ಧತಿಯಿಲ್ಲ. ಅವರು ಯಂತ್ರ ಚಾಲೂ ಮಾಡಿ, ಪೈಪಿನ ತುದಿಯನ್ನು ಸ್ಟೂಲಿನ ಮೇಲಿಟ್ಟು, ಬಾಗಿಲ ಬಳಿ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಯಂತ್ರದ ಮುಂದೆ ಕರ್ಪೂರ ಬೆಳಗಿದೆ.

ಢಬ್ ಎಂದಿತು! ಪೈಪ್ ಸೀಳಿತು, ತಟ್ಟೆ ಹಾರಿಬಿತ್ತು, ನನ್ನ ಹುಬ್ಬು ಸುಟ್ಟಿತು. ಪ್ರಹ್ಲಾದರಾವ್ ಓಡಿಬಂದು ಸ್ವಿಚ್ ಆರಿಸಿ ನನಗೇ ಬೈದರು.

"ಆರತಿ ಮಾಡ್ರಿ ಅಂತ ನಿಮಗ ಯಾರು ಹೇಳಿದ್ರು?"

"ಇದಕ್ಕ ಬೆಂಕಿ ಹತ್ತತೈತಿ ಅಂತ ನೀವ್ಯಾಕ ಹೇಳಲಿಲ್ಲ? ದಿನಾ ಸಂಜಿಗೆ ಇವರ ಮುಖದ ಮುಂದ ಕರ್ಪೂರ ಬೆಳಗಿ ದೃಷ್ಟಿ ತೆಗೀತೀನ್ರಿ! ಆವಾಗ ಮೂಗಿನಾಗ ಪೈಪ್ ಇದ್ದಿದ್ರ?"

ಮಂಚದ ಕಡೆ ತಿರುಗಿದೆ. ಯಜಮಾನರು ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದರು. ಅಲ್ಲೇ ನೆಲಕ್ಕೆ ಕುಸಿದು ಅತ್ತುಬಿಟ್ಟೆ.

ಮಿದುಳು ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು, ಸದ್ದು ಒಂದು ನೆಪ ಎಂದರು ಡಾಕ್ಟರು. ಇರಬಹುದು. ಬೇಡಿದ್ದನ್ನು ಕೊಟ್ಟವನು ಯಾರೆಂದು ನನಗೆ ಗೊತ್ತು. ಆ ಅಕ್ಕನ ಭಕ್ತಿ ಕಡಿಮೆಯಾಗಿತ್ತು, ಅದಕ್ಕೇ ಪೈಪ್ ಸಿಡಿಯಿತು ಎಂದು ಪ್ರಹ್ಲಾದರಾವ್ ಮಂಡಳಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ. ನಾಚಿಕೆಯಾಗಬೇಕು! ಪೈಪ್ ಮೂಗಿಗೇರುವ ಮೊದಲೇ ನನ್ನ ಕೈಯಲ್ಲಿ ಕರ್ಪೂರ ಹಚ್ಚಿಸಿದವನು ಹನುಮಪ್ಪ. ಅವನ ಹೆಸರು ಹೇಳಿ ಯಂತ್ರ ಮಾರುವವರನ್ನು ದಯವಿಟ್ಟು ಹೊಸ್ತಿಲು ದಾಟಿಸಬೇಡಿ.

ಫಿಸಿಯೋಥೆರಪಿ ನಡೆದಿದೆ. ಮೊನ್ನೆ ಸಂಜೆ ಆರತಿ ಹಿಡಿದು ಹತ್ತಿರ ಹೋದಾಗ, ಇಷ್ಟು ತಿಂಗಳ ಮೇಲೆ, ಯಜಮಾನರು ತೊದಲುತ್ತ ಮೊದಲ ಮಾತಾಡಿದರು.

"ಸ್ವಲ್ಪ... ದೂರ ಹಿಡಿ."