ನಕ್ಷತ್ರ ಕಾಯಲು ಕೂತವಳು

ಕ್ಯಾಮೆರಾದ ಗಾಜಿನ ಮೇಲೆ ಕೂರುವ ಇಬ್ಬನಿಯನ್ನು ಅರ್ಧ ಗಂಟೆಗೊಮ್ಮೆ ಒರೆಸಬೇಕು. ನನಗೆ ಒಪ್ಪಿಸಿದ್ದ ಕೆಲಸ ಇಷ್ಟೇ. ಅದನ್ನು ನಾನು ಮಾಡಲಿಲ್ಲ. ಮಾಡಿದೆ ಎಂದು ಹೇಳಿದೆ. ಮೊದಲನೆಯದಕ್ಕೆ ನಿದ್ದೆಯನ್ನು ದೂರಬಹುದು. ಎರಡನೆಯದನ್ನು ಹೇಳುವಾಗ ನಾನು ಪೂರಾ ಎಚ್ಚರವಾಗಿದ್ದೆ.

ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಆಕಾಶದ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಹಪ್ಪಳಕ್ಕೆ ಸಂಬಂಧಪಟ್ಟದ್ದು: ಮೋಡವಿದ್ದರೆ ಹಾಕಬಾರದು, ಇಲ್ಲದಿದ್ದರೆ ಹಾಕಬೇಕು. ನಕ್ಷತ್ರವೆಂದರೆ ಮದುವೆಯ ದಿನ ತೋರಿಸಿದ ಅರುಂಧತಿ ಒಂದೇ. ಅದೂ ಹಗಲು ಹನ್ನೊಂದು ಗಂಟೆಗೆ, ರಾಣೆಬೆನ್ನೂರಿನ ಬಿಸಿಲಿನಲ್ಲಿ. ಭಟ್ಟರು ಬೆರಳೆತ್ತಿ, "ಕಾಣ್ತೇನವ್ವಾ?" ಎಂದರು. ನನಗೆ ಕಂಡದ್ದು ಒಂದು ಹದ್ದು. "ಕಾಣ್ತ್ರಿ" ಎಂದೆ. ಪಕ್ಕದಲ್ಲಿ ನಿಂತಿದ್ದ ಗಂಡನೂ ತಲೆಯಾಡಿಸಿದರು. ಹತ್ತು ವರ್ಷದ ತಂಗಿ ಗಿರಿಜಾ ಮಾತ್ರ ನನ್ನ ಸೆರಗು ಜಗ್ಗಿ, "ಎಲ್ಲೈತಿ ಅಕ್ಕಾ? ನನಗ್ಯಾಕ ಕಾಣವಲ್ದು?" ಎಂದು ಅಳುವ ಮುಖ ಮಾಡಿದಳು. ನಮ್ಮಲ್ಲಿ ಸಂಸಾರ ಶುರುವಾಗುವುದೇ ನಕ್ಷತ್ರದ ಬಗ್ಗೆ ಹೇಳುವ ಒಂದು ಸುಳ್ಳಿನಿಂದ. ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ನನ್ನ ನಾಲಿಗೆ ಕೆಟ್ಟದ್ದು ಅಲ್ಲಿಂದಲೇ ಎಂದು ಒಮ್ಮೊಮ್ಮೆ ಸಮಾಧಾನ ಹೇಳಿಕೊಳ್ಳುತ್ತೇನೆ. ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗಂಡನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ವಿಜಯವಾಡಕ್ಕೆ ತಂದು ಪಟಮಟ ಬಡಾವಣೆಯಲ್ಲಿ ಇಳಿಸಿತು. ಗಿರಿಜಾ ನನ್ನ ಹಾಗಲ್ಲ, ಓದಿದಳು. ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ದ್ವಾರಕಾ ನಗರದಲ್ಲೊಂದು ಕೋಣೆ ಹಿಡಿದಳು. ಅಲ್ಲಿ ರಾತ್ರಿ ಎಂಬುದೇ ಇಲ್ಲ. ಅಂಗಡಿಗಳ ಬೋರ್ಡುಗಳು ಉಳಿದ ಬೆಳಕನ್ನೆಲ್ಲ ಆಕಾಶಕ್ಕೆ ಚೆಲ್ಲುತ್ತವೆ. ಅಂಥ ಕಡೆ ಕೂತು ಅವಳಿಗೆ ನಕ್ಷತ್ರದ ಹುಚ್ಚು ಹಿಡಿಯಿತು. ಕ್ಯಾಮೆರಾ ಕೊಂಡಳು, ಮೂರು ಕಾಲಿನ ಸ್ಟ್ಯಾಂಡು ಕೊಂಡಳು, ರಜೆ ಸಿಕ್ಕಾಗಲೆಲ್ಲ ಅರಕು ಕಡೆಯ ಬೆಟ್ಟಕ್ಕೆ ಕತ್ತಲೆ ಹುಡುಕಿಕೊಂಡು ಹೋದಳು. ಜನ ಬೆಳಕು ಹುಡುಕುವುದನ್ನು ಕೇಳಿದ್ದೆ. ಬಸ್ಸು ಹಿಡಿದು ಕತ್ತಲೆಗೆ ಹೋಗುವವಳನ್ನು ಕಂಡದ್ದು ನಮ್ಮ ಮನೆಯಲ್ಲೇ.

ನಾಲ್ಕು ವರ್ಷದ ಹಿಂದೆ ವಿಶಾಖಪಟ್ಟಣದ ಅವಳ ಫೋಟೋ ಗೆಳೆಯರೆಲ್ಲ ಸೇರಿ ಒಂದು ಪ್ರದರ್ಶನ ಇಟ್ಟುಕೊಂಡರು. ಗಿರಿಜಾಳ ಒಂದು ಚಿತ್ರಕ್ಕೆ ಗೋಡೆಯಲ್ಲಿ ಜಾಗ ಇಟ್ಟಿದ್ದರು. ಆ ಚಿತ್ರಕ್ಕೆ ಅಮಾವಾಸ್ಯೆಯ ಕತ್ತಲೆ ಬೇಕು, ಪ್ರದರ್ಶನಕ್ಕೆ ಮೊದಲು ಅಂಥದ್ದು ಒಂದೇ ಉಳಿದಿತ್ತು. ನಾನೂ ರೈಲು ಹತ್ತಿ ಹೋದೆ.

"ಧ್ರುವ ಒಂದ ಕುಂತಲ್ಲೇ ಕುಂತಿರ್ತೈತಿ ಅಕ್ಕಾ. ಉಳಿದವು ಅದನ್ನ ಸುತ್ತತಾವು. ಅರ್ಧ ನಿಮಿಷಕ್ಕೊಂದು ಫೋಟೋ, ನಾಲ್ಕು ತಾಸು. ಎಲ್ಲಾ ಕೂಡಿಸಿದ್ರ ರಂಗೋಲಿ ಆಕ್ಕತಿ" ಎಂದು ಬೆಟ್ಟದ ವಸತಿಗೃಹದ ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸುತ್ತ ವಿವರಿಸಿದಳು. ಹೇಳುವಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗಿರಬೇಕು ಎಂದುಕೊಂಡೆ. ಹಣೆ ಮುಟ್ಟಿದರೆ ಕಾದ ಹಂಚು.

"ನೀ ಕೆಳಗ ಹೋಗಿ ಮಕ್ಕೊ. ನಾ ಕಾಯ್ತೀನಿ" ಎಂದೆ. ನಾನೇ ಎಂದೆ, ಅವಳು ಕೇಳಿರಲಿಲ್ಲ.

"ನಿದ್ದಿ ಬಂದ್ರ?"

"ವರ್ಷಾ ವರ್ಷಾ ಹಪ್ಪಳ ಕಾಯಾಕಿಗೆ ನಿನ್ನ ಕ್ಯಾಮೆರಾ ಕಾಯೋದು ಭಾರಿ ಆತೇನು?"

ಅವಳು ನಕ್ಕು, ಮೆತ್ತನೆಯ ಬಟ್ಟೆಯೊಂದನ್ನು ಕೈಗಿಟ್ಟು ಇಳಿದು ಹೋದಳು.

ಹಪ್ಪಳ ಕಾಯುವುದು ಬೇರೆ ಎಂದು ಆಮೇಲೆ ತಿಳಿಯಿತು. ಅಲ್ಲಿ ಕಾಗೆ ಬರುತ್ತದೆ, ಬೈಯಬಹುದು. ಇಬ್ಬನಿ ಸದ್ದಿಲ್ಲದೆ ಬರುತ್ತದೆ. ಸದ್ದಿದ್ದದ್ದು ಕ್ಯಾಮೆರಾಕ್ಕೆ ಮಾತ್ರ. ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ತೊಟ್ಟಿಲು ತೂಗಿದ ಹಾಗೆ. ಕಂಬಳಿ ಹೊದ್ದು ಗೋಡೆಗೆ ಒರಗಿದ್ದಷ್ಟೇ ನೆನಪು. ಎಚ್ಚರವಾದದ್ದು ಮೆಟ್ಟಿಲ ಮೇಲೆ ಅವಳ ಕೆಮ್ಮು ಕೇಳಿ. ಗಾಜು ಬೆಳ್ಳಗಾಗಿತ್ತು. ಬಟ್ಟೆ ಎಲ್ಲಿ ಬಿದ್ದಿತೋ, ಸೆರಗಿನಿಂದಲೇ ಒರೆಸಿದೆ.

"ಒರಸಿದ್ಯೇನಕ್ಕಾ?"

"ಅರ್ಧ ತಾಸಿಗೊಮ್ಮೆ ತಪ್ಪದ."

ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ರಂಗೋಲಿ ಇರಲಿಲ್ಲ, ಹಾಲು ಚೆಲ್ಲಿದ ನೆಲವಿತ್ತು. ಗಿರಿಜಾ ಬಹಳ ಹೊತ್ತು ಒಬ್ಬಳೇ ಕೂತು ನೋಡಿದಳು. ಆಮೇಲೆ ಹೊರಗೆ ಬಂದು, "ಲೆನ್ಸಿನ ಒಳಗ ಬೂಷ್ಟು ಹಿಡದೈತಿ ಕಾಣ್ತದ. ಸಮುದ್ರದ ಗಾಳಿ ನೋಡು" ಎಂದಳು. ನಾನು ಸಮುದ್ರಕ್ಕೆ ಎರಡು ಬೈಗುಳ ಹಾಕಿದೆ. ಪ್ರದರ್ಶನದ ಗೋಡೆಯಲ್ಲಿ ಬೇರೆ ಯಾರದೋ ಚಿತ್ರ ತೂಗಿತು. ಅವಳು ಮತ್ತೆ ಬೆಟ್ಟಕ್ಕೆ ಹೋಗಲಿಲ್ಲ. ಫೋನಿನಲ್ಲಿ ಊಟ, ಆರೋಗ್ಯ, ವಿಶಾಖಪಟ್ಟಣದ ಸೆಕೆ ಎಲ್ಲ ಮಾತಾಡಿದೆವು. ಆ ರಾತ್ರಿಯೊಂದನ್ನು ಬಿಟ್ಟು. ನನ್ನ ಸುಳ್ಳು ಧ್ರುವದ ಹಾಗೆ ಕೂತಲ್ಲೇ ಕೂತಿತ್ತು, ನಮ್ಮ ಮಾತುಗಳು ಅದನ್ನು ಮುಟ್ಟದೆ ಸುತ್ತು ಹಾಕುತ್ತಿದ್ದವು.

ಈ ಸಂಕ್ರಾಂತಿಗೆ ಅವಳು ಕ್ಯಾಮೆರಾವನ್ನು ನನ್ನ ಮಗಳು ಮೇಘನಾಗೆ ಕೊಟ್ಟುಬಿಟ್ಟಳು, ಚೀಲ ಸಮೇತ. ಮೇಘನಾಳ ಬಾಯಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ; ಚಿಕ್ಕಮ್ಮನನ್ನು ಪಿನ್ನಿ ಎನ್ನುತ್ತಾಳೆ. ಚೀಲದಲ್ಲಿದ್ದ ಹಳೆಯ ಕಾರ್ಡಿನ ಚಿತ್ರಗಳನ್ನೆಲ್ಲ ಪೋಣಿಸಿ ಸಿನಿಮಾದ ಹಾಗೆ ಓಡಿಸಿದಳು. "ಅಮ್ಮಾ, ಇದು ಚೂಡು!" ಎಂದು ನೋಡಲು ಕರೆದಳು. ನಕ್ಷತ್ರಗಳು ತಿರುಗುತ್ತಿದ್ದವು. ಅಂಚಿನಿಂದ ಮಂಜು ಏರುತ್ತ ಏರುತ್ತ ಎಲ್ಲವನ್ನೂ ನುಂಗಿತು. ತೀರ ಕೊನೆಗೆ ಹಸಿರು ಅಂಚಿನ ಸೆರಗೊಂದು ಅಡ್ಡ ಹಾಯಿತು. ಅದರ ಹಿಂದೆಯೇ ನಕ್ಷತ್ರಗಳು, ಥಳಥಳ.

"ಪಿನ್ನಿ ಲೆನ್ಸ್ ಕೆಟ್ಟೈತಿ ಅಂದಿದ್ರು. ಒರಸಿದ ಮ್ಯಾಲೆ ಚೆನ್ನಾಗೇ ಐತಲ್ಲ ಅಮ್ಮಾ" ಎಂದಳು ಮಗಳು.

ನಾನು ಒರೆಸಿದ್ದರೆ ಪ್ರತಿ ಸಲವೂ ನನ್ನ ಕೈಯೋ ಬಟ್ಟೆಯೋ ಚಿತ್ರದಲ್ಲಿ ಸುಳಿಯಬೇಕಿತ್ತು. ಏಳನೇ ಇಯತ್ತೆಯವಳಿಗೆ ಇದು ಹೊಳೆಯದೇ ಇರಬಹುದು. ಗಿರಿಜಾಗೆ ಮರುದಿನವೇ ಹೊಳೆದಿದೆ. ಬೂಷ್ಟು, ಸಮುದ್ರದ ಗಾಳಿ, ಎಲ್ಲ ನನ್ನ ಮಾನ ಮುಚ್ಚಲು ಅವಳು ಹೊದಿಸಿದ ಕಂಬಳಿ. ಮದುವೆಯ ದಿನ ಕಾಣದ ನಕ್ಷತ್ರಕ್ಕೆ ಅತ್ತವಳು, ನನಗೋಸ್ಕರ ಕಂಡದ್ದನ್ನು ಕಾಣಲಿಲ್ಲ ಎಂದಿದ್ದಳು. ನಾಲ್ಕು ವರ್ಷ ನಾನೇ ಬಾಯಿಬಿಡುತ್ತೇನೆಂದು ಕಾದಳು. ಕಾಯುವುದು ಅವಳಿಗೆ ಗೊತ್ತು. ಕೊನೆಗೆ ಬೇಸತ್ತು ಕ್ಯಾಮೆರಾ ಕೊಟ್ಟಳೇನೋ.

ಮೊನ್ನೆ ಬೇಸಿಗೆಯಲ್ಲಿ ಗಿರಿಜಾ ರಜೆ ಹಾಕಿ ಬಂದಿದ್ದಳು. ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಬ್ಬರೂ ನೀರಿನ ಟ್ಯಾಂಕಿನ ನೆರಳಿಗೆ ಕೂತಿದ್ದೆವು. ನನ್ನ ಕಣ್ಣು ಎಳೆಯಿತು.

"ಸಂಡಿಗಿ ಕಾಯಾಕ ಕುಂತಾಕಿ ಮಕ್ಕೊಂಡ್ಯಾ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಬೇಗನೆ ಬೇರೆಲ್ಲೋ ನೋಡಿದಳು. ನನ್ನನ್ನು ಕಾಪಾಡಲು, ಮತ್ತೆ.

ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟಲು ವರ್ಷಗಟ್ಟಲೆ ಬೇಕು ಎಂದು ಮೇಘನಾ ಹೇಳುತ್ತಾಳೆ. ಪಾಪ, ಅದು ದೂರದಿಂದ ಬರಬೇಕು. ನಾನು ಕೂತದ್ದು ತಂಗಿಯಿಂದ ಒಂದು ಮೊಳ ದೂರದಲ್ಲಿ. ಹೊತ್ತು ಹನ್ನೊಂದರ ಸುಮಾರು. ತಲೆಯೆತ್ತಿ ನೋಡಿದೆ. ಬಿಸಿಲು ಬಿಟ್ಟರೆ ಮೇಲೆ ಏನೂ ಇರಲಿಲ್ಲ.

"ನನಗ ಅರುಂಧತಿ ಕಂಡೇ ಇರ್ಲಿಲ್ಲ ಗಿರಿಜಾ" ಎಂದೆ. "ಬೆಟ್ಟದ ಮ್ಯಾಲೂ ನಾ ಎಚ್ಚರ ಇರ್ಲಿಲ್ಲ. ಮಕ್ಕೊಂಡಿದ್ದೆ. ಒರಸಿದ್ದು ಒಂದ ಸಲ, ಅದೂ ನೀ ಬರೋ ಸಪ್ಪಳ ಕೇಳಿ. ನಿನ್ನ ಲೆನ್ಸು ಚಲೋನ ಇತ್ತು, ನಿನ್ನ ಚಿತ್ರಾ ನಾ ಕೆಡಿಸಿದೆ. ತಪ್ಪಾತವ್ವಾ."