ಸೇಸಮ್ಮನ ಹಂಡೆ ನೀರು

ಪುಂಜಾಲಕಟ್ಟೆಯ ಸುತ್ತಿನ ಬಾಣಂತಿಯರಿಗೆ ಸೇಸಮ್ಮನೆಂದರೆ ಒಂದು ಹಂಡೆ ಬಿಸಿನೀರು. ಮೂವತ್ತು ವರ್ಷಗಳಲ್ಲಿ ಎಷ್ಟು ಸೊಂಟಗಳ ಮೇಲೆ ನೀರು ಹೊಯ್ದರೋ ಅವರಿಗೇ ಗೊತ್ತಿಲ್ಲ. ಮೈಕೈ ನೋವಿಗೆಂದು ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ತಾಮ್ರದ ಚೆಂಬಿನಲ್ಲಿ ಎತ್ತಿ, “ಉಸಿರು ಹಿಡಿ ಮಗಾ” ಎನ್ನುತ್ತ ರಪ್ಪನೆ ಹೊಯ್ಯುವುದು ಅವರ ಕ್ರಮ. ಸೊಸೆ ದೀಪಶ್ರೀ ಹೆತ್ತಾಗಲೂ ನಲವತ್ತು ದಿನ ಹಾಗೆ ಹೊಯ್ದೇ ಎಬ್ಬಿಸಿ ನಿಲ್ಲಿಸಿದ್ದರು.

ಆ ಸೊಸೆಯ ಕಾಲು ಈಗ ಸೋಲುತ್ತಿತ್ತು. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಎಡಪಾದ ನೆಲಕ್ಕೆ ಎಳೆಯತೊಡಗಿತು. ಮಂಗಳೂರಿನ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆಯುವ ಕಾಯಿಲೆ. ಪೇಟೆಯಲ್ಲಿ ದೀಪಶ್ರೀಯ ಹೊಲಿಗೆ ಅಂಗಡಿ ಇದ್ದದ್ದು ಮಹಡಿಯ ಮೇಲೆ. ಹನ್ನೊಂದು ಮೆಟ್ಟಿಲು. ಫೆಬ್ರವರಿಯಿಂದ ಅದಕ್ಕೆ ಬೀಗ.

“ಮೊಬೈಲ್ ಅಂಗಡಿಯವ ರೂಮು ಕೇಳ್ತಾ ಇದ್ದಾನೆ ದೀಪಕ್ಕ,” ಎಂದಿದ್ದ ಕಟ್ಟಡದ ಮಾಲೀಕ ಹನೀಫಾ. “ಮೇ ಕೊನೆಯವರೆಗೆ ಕಾಯ್ತೇನೆ. ಆಮೇಲೆ ನನ್ನನ್ನು ಬೈಯಬಾರದು.”

ಮೇ ಎಂದರೆ ಶಾಲೆಯ ಯೂನಿಫಾರ್ಮಿನ ಕಾಲ. ಆಗ ಅಂಗಡಿ ತೆರೆಯದಿದ್ದರೆ ಮತ್ತೆ ಯಾರು ಹುಡುಕಿಕೊಂಡು ಬರುತ್ತಾರೆ?

ವ್ಯಾಯಾಮಕ್ಕೆಂದು ಮಂಗಳೂರಿಗೆ ಬಸ್ಸು ಹತ್ತಿ ಹೋಗುವ ಹಾಗಿರಲಿಲ್ಲ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಶಿಫಾನಾ ವಾರಕ್ಕೆ ಮೂರು ದಿನ, ಸಂಜೆ ನಾಲ್ಕಕ್ಕೆ ಫೋನಿನ ವಿಡಿಯೋದಲ್ಲೇ ಬರತೊಡಗಿದಳು. ಗಂಡ ಜಯಪ್ರಕಾಶ್ ಜಗಲಿಯಲ್ಲಿ ನೆಟ್ ಸಿಗುವ ಮೂಲೆ ಹುಡುಕಿ ಕುರ್ಚಿ ಇಟ್ಟ, ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿದ.

“ಫೋನಿನಿಂದ ಕಾಲು ತಿಕ್ಕಲಿಕ್ಕೆ ಆಗ್ತದಾ?” ಎಂದು ಸೇಸಮ್ಮ ಮೂಗು ಮುರಿದರು.

ಆದರೂ ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಏಳು ಸಲ ಏಳುತ್ತಿದ್ದವಳು ಎರಡು ವಾರದಲ್ಲಿ ಹನ್ನೊಂದಕ್ಕೆ ಬಂದಳು. ಸೇಸಮ್ಮನಿಗೆ ಹುರುಪು ಹತ್ತಿತು. ತನ್ನದೂ ಒಂದು ಕೈ ಇರಲಿ ಎಂದು ಹಂಡೆಗೆ ಬೆಂಕಿ ಹಾಕಿದರು. ಪ್ರತಿ ಕ್ಲಾಸಿಗೆ ಮೊದಲು ಸೊಸೆಗೆ ನೀರು ಹೊಯ್ದರು. ಲೆಕ್ಕ ಒಂಬತ್ತಕ್ಕೆ ಇಳಿಯಿತು. ಬಿಸಿ ಸಾಲದೆಂದು ಇನ್ನೆರಡು ಕೊಳ್ಳಿ ಹೆಚ್ಚು ತುರುಕಿದರು. ಆರಕ್ಕೆ ಇಳಿಯಿತು.

“ಸಾಕು ಶಿಫಾನಾ,” ಎಂದಳು ದೀಪಶ್ರೀ ಅಂದು, ಕುರ್ಚಿಯಲ್ಲಿ ಕುಸಿದು. “ಕಾಯಿಲೆ ಜೋರಾಗಿದೆ. ಹನೀಫಾನಿಗೆ ಬೀಗದ ಕೈ ಕೊಟ್ಟುಬಿಡ್ತೇನೆ.”

“ಸ್ವಲ್ಪ ತಡೀರಿ ಅಕ್ಕ. ನಿಮ್ಮ ಕೂದಲು ಯಾಕೆ ಒದ್ದೆ? ಮುಖವೂ ಕೆಂಪಗೆ ಉಂಟಲ್ಲ?”

“ಈಗಷ್ಟೇ ಸ್ನಾನ. ಅತ್ತೆ ನೀರು ಹೊಯ್ತಾರೆ.”

“ಬಿಸಿನೀರಾ?”

“ಬಿಸಿ ಅಂದರೆ ಎಂಥ ಬಿಸಿ!” ಬಾಗಿಲಲ್ಲಿದ್ದ ಸೇಸಮ್ಮ ಫೋನಿನ ಮುಂದೆ ಬಂದರು. “ಕೈ ಇಟ್ಟರೆ ಚರ್ಮ ಸುಲಿಯಬೇಕು!”

ಶಿಫಾನಾ ನಗಲಿಲ್ಲ. “ಸೇಸಮ್ಮ, ಬಾಣಂತಿಯ ವಿಷಯ ಬೇರೆ. ಈ ಕಾಯಿಲೆಯಲ್ಲಿ ಮೈ ಬಿಸಿಯಾದರೆ ನರದಲ್ಲಿ ಸುದ್ದಿ ದಾಟುವುದು ಕಷ್ಟ, ಕಾಲು ಸೋಲ್ತದೆ. ತಣ್ಣಗಾದ ಮೇಲೆ ಸರಿಯಾಗ್ತದೆ. ಹಾಳಾದದ್ದು ಏನೂ ಇಲ್ಲ. ಕ್ಲಾಸು ಬೆಳಿಗ್ಗೆ ಏಳಕ್ಕೆ ಮಾಡುವ. ಬಿಸಿನೀರು ಬೇಡ.”

ಸೇಸಮ್ಮನ ಕಿವಿಗೆ ಬಿದ್ದದ್ದು ಕಾಲು ಸೋಲ್ತದೆ ಎಂಬುದಷ್ಟೇ. ಅವರು ಬಚ್ಚಲಿಗೆ ಹೋಗಿ ಒಲೆಯ ಕೊಳ್ಳಿಗಳನ್ನು ಹೊರಗೆಳೆದು ನೀರೆರಚಿದರು. ಹೊಗೆಯಲ್ಲಿ ಅಲ್ಲೇ ಕುಳಿತರು.

ಪಾದ ಎಳೆಯುತ್ತ ದೀಪಶ್ರೀ ಗೋಡೆ ಹಿಡಿದು ಬಂದಳು. “ಅತ್ತೆ, ನನಗೆ ಸಿಟ್ಟಿಲ್ಲ.”

“ಹೊಯ್ದದ್ದು ಈ ಕೈಯೇ ಅಲ್ವಾ?”

“ಅದೇ ಕೈಯಿಂದ ಇನ್ನು ತಣ್ಣೀರು ಹೊಯ್ಯಿರಿ.”

ಮಾರನೆಯ ವಾರದಿಂದ ಬೆಳಿಗ್ಗೆ ಬಾವಿಯ ನೀರಿನಲ್ಲಿ ಅದ್ದಿದ ಮೈಯೊರೆಸುವ ಬೈರಾಸು ದೀಪಶ್ರೀಯ ಕತ್ತಿನ ಸುತ್ತ ಬಂತು. ಲೆಕ್ಕ ಒಂಬತ್ತು, ಹನ್ನೊಂದು, ಒಂದು ದಿನ ಹತ್ತು, ಮತ್ತೆ ಹನ್ನೆರಡು.

ಮೇ ಇಪ್ಪತ್ತೆಂಟರ ಬೆಳಿಗ್ಗೆ, ಬಿಸಿಲು ಏರುವ ಮೊದಲೇ ಅತ್ತೆ ಸೊಸೆ ಪೇಟೆಯಲ್ಲಿದ್ದರು. ಸೇಸಮ್ಮನ ಕೈಯಲ್ಲಿ ಅದೇ ತಾಮ್ರದ ಚೆಂಬು, ತುಂಬ ಬಾವಿಯ ನೀರು. ಆರನೆಯ ಮೆಟ್ಟಿಲಲ್ಲಿ ದೀಪಶ್ರೀಯ ಕಾಲು ನಡುಗಿತು. ಅವಳು ಕುಳಿತಳು. ಸೇಸಮ್ಮ ಬೈರಾಸು ಅದ್ದಿ ಹಿಂಡಿ ಅವಳ ಹೆಡಕಿನ ಮೇಲಿಟ್ಟರು.

“ಎಂಥ ಸೇಸಮ್ಮ, ಬಾಣಂತಿ ಮೇಲೆ ಉಂಟಾ?” ಕೆಳಗಿನಿಂದ ಹನೀಫಾ ಕೂಗಿದ.

“ನೀನೊಮ್ಮೆ ಸುಮ್ಮನಿರು ಮಾರಾಯ, ಲೆಕ್ಕ ತಪ್ತದೆ!”

ದೀಪಶ್ರೀ ನಗುತ್ತಲೇ ಕಂಬಿ ಹಿಡಿದು ಎದ್ದಳು. ಏಳು. ಎಂಟು. ಒಂಬತ್ತರಲ್ಲಿ ಮತ್ತೊಮ್ಮೆ ನಿಂತಳು. ಹನ್ನೊಂದನೆಯದರಲ್ಲಿ ಬೀಗದ ಕೈ ತೂರಿಸಿದಳು. ತುಕ್ಕು ಹಿಡಿದಿದ್ದರಿಂದ ಎರಡು ಸಲ ತಿರುಗಿಸಬೇಕಾಯಿತು.

ಒಳಗೆ ಹೋಗುವ ಮೊದಲು ಸೇಸಮ್ಮ ಕೆಳಗೆ ಬಗ್ಗಿ ನೋಡಿದರು.

“ಹನೀಫಾ, ಆ ಮೊಬೈಲಿನವನಿಗೆ ಬೇರೆ ರೂಮು ನೋಡ್ಲಿಕ್ಕೆ ಹೇಳು.”