ಮೇಸ್ತ್ರಿಗೆ ಕೇಳಿಸದ ಬೀಪ್

ಬಸ್ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಎರಡೇ ನಿಮಿಷ. ರೋಗ ಯಾವುದು, ಎಲ್ಲಿ ಕೂತಿದೆ, ಇನ್ನೆಷ್ಟು ದಿನ ತಾಳುತ್ತದೆ, ಎಲ್ಲ ಹೇಳಿಬಿಡುತ್ತಿದ್ದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ದೊಡ್ಡ ಓದು ಓದಿ ಬಂದ ಇಂಜಿನಿಯರುಗಳು ಅರ್ಧ ದಿನ ತಡಕಾಡಿ ಕೈಚೆಲ್ಲಿದ ಗಾಡಿಯನ್ನು ಅವನು ನಿಂತ ನಿಲುವಿನಲ್ಲೇ ಹಿಡಿದು ಕೊಡುತ್ತಿದ್ದ. ಕೋಪವೋ, ಮೂಗಿನ ತುದಿಯಲ್ಲೇ. ಇಪ್ಪತ್ತೊಂಬತ್ತು ವರ್ಷ ಅವನ ಬಾಯಿಯನ್ನು ಡಿಪೋ ಸಹಿಸಿಕೊಂಡಿದ್ದು ಅವನ ಕಿವಿಯ ದೆಸೆಯಿಂದ. ಅದನ್ನು ತೆಗೆದರೆ ಉಳಿಯುವುದು ಬರೀ ಬಾಯಿ, ಅದು ಅವನಿಗೂ ಗೊತ್ತಿತ್ತು.

ಅಂಥವನು ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಮಗಳ ಲ್ಯಾಪ್‌ಟಾಪನ್ನು ಹಳೇ ಹಗೆಯನ್ನು ನೋಡುವಂತೆ ನೋಡುತ್ತಿದ್ದ. ಅವನ ಪಾಳಿ ಮಧ್ಯಾಹ್ನಕ್ಕಿತ್ತು.

"ಮತ್ತೆ ಕೂಗ್ತು ನೋಡಪ್ಪ," ಎಂದಳು ಮಗಳು. "ಬ್ಯಾಟರಿ ಕಮ್ಮಿ ಅಂತ ಬೀಪ್ ಬೀಪ್ ಅಂತ ಪ್ರಾಣ ತಿಂತಾ ಇದೆ. ಚಾರ್ಜರ್ ಹಾಕಿದೀನಿ, ಆದ್ರೂ ಬಿಡಲ್ಲ. ಹನ್ನೊಂದಕ್ಕೆ ಆ ರೆಕಾರ್ಡಿಂಗ್ ಟೈಪ್ ಮಾಡಿ ಕಳಿಸಬೇಕು ನಾನು."

ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ನಡುವೆ ಒಂದು ಬೀಪ್ ಬಂದರೆ ಒಂದು ಮಾತು ಹೋಯಿತು.

ಮೇಸ್ತ್ರಿ ಕಿವಿಗೊಟ್ಟ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಕೆಳಗೆ ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಅದರ ಗೇರು ಸವೆದಿದೆ ಎಂಬುದೂ ಗೊತ್ತಾಯಿತು. ಲ್ಯಾಪ್‌ಟಾಪು ಮಾತ್ರ ಕಲ್ಲಿನ ಹಾಗೆ ಬಿದ್ದಿತ್ತು.

"ಎಲ್ಲಿ ಕೂಗ್ತು?" ಎಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಎದುರು ಕೂತು ಬೀನ್ಸ್ ಹೆಚ್ಚುತ್ತಿದ್ದ ಹೆಂಡತಿ, "ಅಬ್ಬಾ, ತಲೆ ಚಿಟ್ಟು ಹಿಡೀತು. ಅದರ ಕತ್ತು ಹಿಸುಕ್ರೀ ಮೊದಲು," ಎಂದಳು.

ಇಬ್ಬರಿಗೂ ಕೇಳಿಸಿತ್ತು. ತನಗೊಬ್ಬನಿಗೇ ಇಲ್ಲ. ಆದರೆ ಬಾಯಿಂದ ಬಂದ ಮಾತೇ ಬೇರೆ.

"ಕೇಳ್ತು, ಕೇಳ್ತು. ನನಗೇನು ಕಿವಿ ಇಲ್ವಾ?"

ಹೇಳಿದ ಮೇಲೆ ಮುಗಿಯಿತು. ಕೇಳಿಸದ ಸದ್ದಿನ ಮೂಲವನ್ನು ಈಗ ಅವನು ಹುಡುಕಬೇಕು, ಅದೂ ಇಬ್ಬರ ಕಣ್ಣೆದುರಿಗೆ.

ಮೊದಲು ಟೆಸ್ಟರ್ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿದ. ಕರೆಂಟು ಸರಿಯಾಗಿತ್ತು. ಚಾರ್ಜರಿನ ಡಬ್ಬಿ ಮುಟ್ಟಿದ, ಬೆಚ್ಚಗಿತ್ತು. ವೈರನ್ನು ಗೇಣು ಗೇಣು ಬಗ್ಗಿಸಿ ನೋಡಿದ, ಎಲ್ಲೂ ತುಂಡಾಗಿರಲಿಲ್ಲ. ಮಗಳು, "ಸೌಂಡ್ ಪೂರ್ತಿ ಇಳಿಸಿದೀನಿ, ಆದ್ರೂ ಒಳಗಿಂದ ಬರುತ್ತೆ," ಎಂದಳು. ಸೆಟ್ಟಿಂಗಿಗೆ ಹೋಗಿ ಬ್ಯಾಟರಿ ಎಚ್ಚರಿಕೆಯನ್ನೇ ಆಫ್ ಮಾಡಿದ್ದಳಂತೆ, ಅದಕ್ಕೂ ಬಗ್ಗಿಲ್ಲವಂತೆ.

ಪ್ರತಿ ಸಲ ಒಂದೊಂದು ಬಿಚ್ಚಿ ಹಾಕಿದಾಗಲೂ ಸದ್ದು ನಿಂತಿತೋ ಇಲ್ಲವೋ ತಿಳಿಯಬೇಕಲ್ಲ. ಅವನು ಹೆಂಡತಿಯ ಚಾಕುವನ್ನು ನೋಡತೊಡಗಿದ. ಟಕಟಕ ಓಡುವ ಚಾಕು ನಡುವೆ ಒಂದು ಕ್ಷಣ ನಿಲ್ಲುತ್ತಿತ್ತು, ಅವಳ ಹುಬ್ಬು ಗಂಟಿಕ್ಕುತ್ತಿತ್ತು. ಅದೇ ಬೀಪು. ಚಾಕು ನಿಂತಾಗಲೆಲ್ಲ ಅವನು, "ಥತ್, ಮತ್ತೆ ಬಡ್ಕೊಳ್ತು," ಎಂದು ತಾನೇ ಮೊದಲು ಹೇಳಿಬಿಡುತ್ತಿದ್ದ.

ಸ್ಕ್ರೂಡ್ರೈವರನ್ನೂ ಇಟ್ಟು ನೋಡಿದ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು. ಒಳಗಿನ ಪುಟ್ಟ ಫ್ಯಾನು ಸುತ್ತುವುದು ಕೇಳಿಸಿತು. ಅದರಾಚೆ ಏನೂ ಇಲ್ಲ. ಬೀಗ ಹಾಕಿದ ಕೋಣೆಯ ಹೊರಗೆ ನಿಂತ ಹಾಗಿತ್ತು.

"ಹೇಗಿದೆ ಅಂತೀಯ ಅದರ ಸದ್ದು?" ಎಂದು ಮಗಳನ್ನು ಕೇಳಿದ, ತನಗೆ ಗೊತ್ತಿದ್ದೂ ಅವಳನ್ನು ಪರೀಕ್ಷಿಸುವವನಂತೆ.

"ತೆಳ್ಳಗೆ ಅಪ್ಪ. ಸೂಜಿ ಚುಚ್ಚಿದ ಹಾಗೆ."

ಸೂಜಿ. ಆ ಮಾತನ್ನು ಮೊನ್ನೆಯೂ ಯಾರೋ ಅಂದಿದ್ದರು. ಅದನ್ನು ಅಲ್ಲೇ ಅದುಮಿ ಚಾರ್ಜರಿನ ಪಿನ್ನನ್ನು ಬೆರಳಿನಿಂದ ಅಲ್ಲಾಡಿಸಿದ. ಕಿವಿ ಕೈಕೊಟ್ಟರೂ ಬೆರಳು ಕೈಕೊಟ್ಟಿರಲಿಲ್ಲ. ಪಿನ್ನು ತೂತಿನಲ್ಲಿ ಹಲ್ಲು ಸಡಿಲವಾದಂತೆ ಆಡುತ್ತಿತ್ತು. ಕರೆಂಟು ಒಂದು ಗಳಿಗೆ ಹೋಗುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ಪಿನ್ನಿನ ಕೆಳಗೆ ರಟ್ಟಿನ ಚೂರು ಮಡಚಿ ಇಟ್ಟು, ಮೇಲಿಂದ ಟೇಪು ಸುತ್ತಿದ. ಪರದೆಯ ಮೂಲೆಯಲ್ಲಿ ಚಾರ್ಜಿನ ಗುರುತು ಬಂದು ನಿಂತಿತು.

ಚಾಕು ಟಕಟಕ ಓಡಿತು. ಓಡುತ್ತಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಮೇಸ್ತ್ರಿ ಕುರ್ಚಿಗೆ ಒರಗಿದ.

"ಆಯ್ತಲ್ಲ? ನಿಮ್ಮ ಅಂಗಡಿಯೋನಾಗಿದ್ರೆ ಹೊಸಾ ಬ್ಯಾಟರಿ ಹಾಕಿಸು ಅಂತಿದ್ದ."

ಆಗ ಚಾಕು ನಿಂತಿತು. ಹೆಂಡತಿಯ ಹುಬ್ಬು ಗಂಟಿಕ್ಕಿತು.

"ಥೂ, ಮತ್ತೆ ಶುರು ಆಯ್ತು," ಎಂದು ಮೇಸ್ತ್ರಿ ಟೇಪನ್ನು ಕಿತ್ತು ಎಸೆದ. "ಇದರ ಮನೆ ಹಾಳಾಗ. ಇದನ್ನ ತಯಾರು ಮಾಡ್ದೋನು ನನ್ನ ಕೈಗೆ ಸಿಕ್ಕಿದ್ರೆ..."

ಹೆಂಡತಿ ಚಾಕುವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ರೀ, ಅದು ಕೂಗ್ಲಿಲ್ಲ. ನಾನು ಸುಮ್ನೆ ಚಾಕು ನಿಲ್ಲಿಸ್ದೆ."

ಮಗಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಮೇಸ್ತ್ರಿ ಕೂಗಾಡುತ್ತಾನೆಂದು ಇಬ್ಬರೂ ಕಾದರು. ಅವನು ಕೂಗಾಡಲಿಲ್ಲ, ಅದರಿಂದಲೇ ಅವರಿಗೆ ಹೆಚ್ಚು ಭಯವಾಯಿತು.

"ಎಷ್ಟು ದಿನದಿಂದ ಗೊತ್ತು ನಿನಗೆ?" ಎಂದ.

"ಗೊತ್ತಿರ್ಲಿಲ್ಲ. ಅನುಮಾನ ಇತ್ತು. ಕುಕ್ಕರ್ ಸೀಟಿ ಹೊಡೆದ್ರೂ ಎದ್ದು ಹೋಗಿ ಆರಿಸ್ತಿರ್ಲಿಲ್ಲ ನೀವು. ಸೋಮಾರಿತನ ಅಂದ್ಕೊಂಡಿದ್ದೆ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಮನೆ ಮೇಲೆ ಕೆಳಗೆ ಆಗುತ್ತಿತ್ತು. ಈಗ ಅವನು ಕೇಳಿಸಿಕೊಳ್ಳಲೇ ಇಲ್ಲ. ಅದುಮಿಟ್ಟದ್ದು ಮೇಲೆದ್ದು ಬಂದಿತ್ತು. ಮೊನ್ನೆ ಒಬ್ಬ ಡ್ರೈವರ್ ಬಂದು, "ಎಡಗಡೆ ಹಿಂದಿನ ಚಕ್ರದಲ್ಲಿ ತೆಳ್ಳಗೆ ಕುಯ್ ಅಂತಿದೆ ಮೇಸ್ತ್ರಿ, ಸೂಜಿ ಹಾಗೆ," ಎಂದಿದ್ದ. ಮೇಸ್ತ್ರಿ ಚಕ್ರ ತಿರುಗಿಸಿ, ಸ್ಕ್ರೂಡ್ರೈವರ್ ಇಟ್ಟು ಕೇಳಿ, "ಕುಯ್ ಅಂತಿರೋದು ನಿನ್ನ ತಲೆಯೊಳಗೆ. ಎಣ್ಣೆ ಹಾಕ್ಕೋ, ಹೋಗು," ಎಂದು ಹತ್ತು ಜನರೆದುರು ಅಟ್ಟಿದ್ದ. ಡಿಪೋದ ತಪಾಸಣೆ ಪುಸ್ತಕದಲ್ಲಿ ಗಾಡಿ ಸರಿ ಇದೆ ಎಂದು ಸಹಿ ಹಾಕಿದ್ದ.

ಆ ಬಸ್ಸು ಈಗ ಗುಡ್ಡದ ರಸ್ತೆಯ ಮೇಲಿತ್ತು.

ಫೋನ್ ತೆಗೆದ. ಎರಡು ಸಲ ತಪ್ಪು ನಂಬರ್ ಒತ್ತಿದ. ಮೂರನೇ ಸಲಕ್ಕೆ ಡಿಪೋದ ಫೋರ್ಮನ್ ಸಿಕ್ಕಿದ.

"ಆ ಗುಡ್ಡದ ರೂಟಿನ ಗಾಡಿ ನಿಲ್ಸು."

"ಯಾಕ್ ಮೇಸ್ತ್ರಿ? ಮೊನ್ನೆ ತಾನೆ ನೀವೇ ಪಾಸ್ ಮಾಡಿದ್ರಿ. ಜನ ತುಂಬ್ಕೊಂಡು ಹೋಗಿದೆ."

"ಮಾಡ್ದೆ. ಈಗ ನಿಲ್ಸು ಅಂತಿದೀನಿ. ಎಡಗಡೆ ಹಿಂದಿನ ಚಕ್ರ. ಇಳಿಜಾರಿಗೆ ಮೊದ್ಲೇ ನಿಲ್ಸಿ ಜನಾನ ಇಳಿಸಕ್ಕೆ ಹೇಳು. ಕಾರಣ ಅಲ್ಲಿಗೆ ಬಂದು ಹೇಳ್ತೀನಿ, ನಿನ್ನ ದಮ್ಮಯ್ಯ."

ಫೋರ್ಮನ್ನಿಗೆ ಮೇಸ್ತ್ರಿಯ ಬೈಗುಳ ಗೊತ್ತಿತ್ತು. ದಮ್ಮಯ್ಯ ಗೊತ್ತಿರಲಿಲ್ಲ. ಅವನು ಮರುಮಾತಿಲ್ಲದೆ ಡ್ರೈವರಿಗೆ ಫೋನ್ ಹಚ್ಚಿದ.

ಡಿಪೋ ತಲುಪುವವರೆಗೆ ಮೇಸ್ತ್ರಿಯ ಜೀವ ಜೀವದಲ್ಲಿರಲಿಲ್ಲ. ಸ್ಕೂಟರ್ ಯಾವ ಸಿಗ್ನಲ್ ದಾಟಿತು, ಯಾರು ಬೈದರು, ಒಂದೂ ತಿಳಿಯಲಿಲ್ಲ. ಗೇಟಿನಲ್ಲಿ ಇಳಿದು ಯಾರ ಮುಖವನ್ನೂ ನೋಡದೆ ಸುದ್ದಿಗೆ ಕಾದ. ಮುಕ್ಕಾಲು ಗಂಟೆಯ ಮೇಲೆ ಬಸ್ಸು ಖಾಲಿಯಾಗಿ, ಇನ್ನೊಂದು ಗಾಡಿಯ ಹಿಂದೆ ಕಟ್ಟಿಸಿಕೊಂಡು ಆಮೆಯಂತೆ ಬಂತು.

ಶೆಡ್ಡಿನ ಎಲೆಕ್ಟ್ರಿಷಿಯನ್ ಹೆಂಗಸು ಬಸ್ಸು ನಿಲ್ಲುವ ಮೊದಲೇ, "ಅಯ್ಯೋ ಅಣ್ಣಾ, ಇಷ್ಟು ದೂರಕ್ಕೇ ಕುಯ್ ಅಂತಿದೆ," ಎಂದಳು. ಚಕ್ರ ಬಿಚ್ಚಿದರು. ಒಳಗಿನ ಬೇರಿಂಗು ಕಾದು ನೀಲಿಗಟ್ಟಿತ್ತು, ಗುಂಡುಗಳಲ್ಲಿ ಎರಡು ಒಡೆದು ಚೂರಾಗಿದ್ದವು. ಎಲ್ಲರೂ ಸುತ್ತ ನಿಂತು ನೋಡಿದರು.

"ಇಳಿಜಾರು ಇಳಿದಿದ್ರೆ ಚಕ್ರ ನಮಗಿಂತ ಮುಂದೆ ಮನೆ ಸೇರ್ತಿತ್ತು," ಎಂದ ಒಬ್ಬ.

ಫೋರ್ಮನ್ ಮೇಸ್ತ್ರಿಯ ಭುಜ ತಟ್ಟಿದ. "ಮನೇಲಿ ಕೂತ್ಕೊಂಡೇ ಹಿಡಿದ್ರಲ್ಲ. ಇದನ್ನ ಮೇಲಿನೋರಿಗೆ ಹೇಳ್ಲೇಬೇಕು."

ಮಾತು ಬೆಂಕಿಯಂತೆ ಹಬ್ಬಿತು. ಮೇಸ್ತ್ರಿ ಮೊನ್ನೆ ಕೇಳಿದ್ದನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಇವತ್ತು ಹೇಳಿದನಂತೆ. ಅವನ ಕಿವಿಯನ್ನು ವಿಮೆ ಮಾಡಿಸಬೇಕಂತೆ. ಮೇಸ್ತ್ರಿಯ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಸುಮ್ಮನೆ ನಿಂತರೆ ಸಾಕಿತ್ತು, ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಡ್ರೈವರ್ ಗುಂಪು ಸರಿಸಿಕೊಂಡು ಬಂದು ಅವನ ಕೈ ಹಿಡಿದ.

"ಒಳ್ಳೇದಾಯ್ತು ಮೇಸ್ತ್ರಿ. ನೀವು ಏನೂ ಇಲ್ಲ ಅಂದ್ಮೇಲೆ ನನ್ನ ಕಿವಿಯಲ್ಲೇ ಏನೋ ಐಬು ಅಂದ್ಕೊಂಡೆ. ಎರಡು ದಿನದಿಂದ ಹತ್ತಿ ಇಟ್ಕೊಂಡು ಗಾಡಿ ಓಡಿಸ್ತಿದ್ದೆ."

ಅವನ ಕಿವಿಯಲ್ಲಿ ಹತ್ತಿ ಇನ್ನೂ ಇತ್ತು.

"ತೆಗಿಯೋ ಅದನ್ನ," ಎಂದು ಮೇಸ್ತ್ರಿ ಗದರಿದ. ಆ ಗದರಿಕೆ ಅರ್ಧದಲ್ಲೇ ಒಡೆಯಿತು. "ತೆಗಿ. ನಿನ್ನ ಕಿವಿ ಸರಿ ಇದೆ. ನನ್ನದು ಹೋಗಿದೆ."

ಗುಂಪಿನಲ್ಲಿ ಯಾರೋ ನಕ್ಕರು, ತಮಾಷೆ ಎಂದುಕೊಂಡು. ಮೇಸ್ತ್ರಿ ನಗುವವನ ಕಡೆಗೆ ತಿರುಗಿದ ರೀತಿಗೆ ಆ ನಗು ಅಲ್ಲೇ ಸತ್ತಿತು.

"ಪುಸ್ತಕ ತಗೊಂಡ್ ಬಾ," ಎಂದ ಫೋರ್ಮನ್ನಿಗೆ.

ಫೋರ್ಮನ್ ಅವನನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದ. "ಮೇಸ್ತ್ರಿ, ಬರೆದ್ರೆ ಅಳಿಸೋಕಾಗಲ್ಲ. ನಾಳೆನೇ ಟೈರ್ ಸ್ಟೋರಿಗೆ ಹಾಕ್ತಾರೆ ನಿಮ್ಮನ್ನ. ಟೈರ್ ಎಣಿಸ್ಕೊಂಡು ಕೂತ್ಕೋತೀರಾ ನೀವು? ಯಾರಿಗೆ ಏನಾಗಿದೆ ಈಗ? ಗಾಡಿ ಬಂತು, ಜನ ಚೆನ್ನಾಗಿದಾರೆ."

"ಈ ಒಂದು ಗಾಡಿ ಬಂತು."

ಫೋರ್ಮನ್ ಒಳಗೆ ಹೋಗಿ ಪುಸ್ತಕ ತಂದ. ಮೇಸ್ತ್ರಿ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಬರೆದ: ಡ್ರೈವರ್ ಹೇಳಿದ್ದು ನಿಜ. ಸದ್ದು ಇತ್ತು. ನನಗೆ ಕೇಳಿಸಲಿಲ್ಲ.

ಸಹಿ ಹಾಕಿ, ಪುಸ್ತಕವನ್ನು ಫೋರ್ಮನ್ನಿಗೆ ಕೊಡದೆ ಹಿಂದಿನ ಹಾಳೆ ತಿರುಗಿಸಿದ. ಅಲ್ಲೂ ಅವನ ಸಹಿ. ಅದರ ಹಿಂದಿನ ಹಾಳೆಯಲ್ಲಿ ಮೂರು.

"ಈ ಗಾಡಿಗಳ್ನೆಲ್ಲ ಕರೆಸು," ಎಂದ. "ಬೇರೆಯೋರ ಕೈಲಿ ಇನ್ನೊಂದ್ಸಲ ಕೇಳಿಸ್ಬೇಕು."

"ಎಲ್ಲೀವರೆಗೆ ಮೇಸ್ತ್ರಿ? ಯಾವಾಗಿಂದ ಕೇಳಿಸ್ತಿಲ್ಲ ನಿಮಗೆ?"

ಮೇಸ್ತ್ರಿ ಕರಿ ಹಿಡಿದ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಇನ್ನೊಂದು ಹಾಳೆ ತಿರುಗಿಸಿದ, ಮತ್ತೊಂದು ತಿರುಗಿಸಿದ. ಹೋದ ತಿಂಗಳು ದಾಟಿತು, ಅದರ ಹಿಂದಿನದೂ ದಾಟಿತು. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ.